ಜೋಲಿಯ ತೂಕ

ಮೊದಲು ಖಾಲಿ ಜೋಲಿಯನ್ನೇ ತೂಗಬೇಕು.
ಶಿವಮೊಗ್ಗದಲ್ಲಿ, ತರಬೇತಿಯ ಮೊದಲ ದಿನ
ಪ್ಲಾಸ್ಟಿಕ್ ಗೊಂಬೆಯೊಂದನ್ನು ತೂಗುಹಾಕಿ ಕಲಿಸಿದ್ದು ಅದೇ:
ಬಟ್ಟೆಗೂ ತೂಕವಿದೆ, ಅದನ್ನು ಕಳೆಯಬೇಕು,
ಕಳೆಯದಿದ್ದರೆ ಲೆಕ್ಕದಲ್ಲಿ ಕೂಸು
ಇದ್ದದ್ದಕ್ಕಿಂತ ಗಟ್ಟಿ.

ಸೊರಬದ ಕಡೆ ನನ್ನ ಪಾಲಿಗೆ ಹನ್ನೊಂದು ಊರು,
ನೂರಾ ನಲವತ್ತು ಬಸುರಿಯರು,
ಒಂದು ಟ್ಯಾಬು, ಕೊಕ್ಕೆಯ ತಕ್ಕಡಿ, ಹಳೇ ಸ್ಕೂಟಿ.
ಹೆತ್ತ ಮೂರು ದಿನದೊಳಗೆ ತೂಗಬೇಕು.
ಎಲ್ಲೋ ಯಾರಿಗೋ ನೋವು ಕಾಣಿಸಿಕೊಂಡರೆ
ನನ್ನ ಫೋನೂ ಎದ್ದು ಕೂರುತ್ತದೆ.

ಇವತ್ತು ಹೇಮಾಕ್ಷಿಯ ಮಗಳು. ಎರಡನೇ ದಿನ.
ಬಾಣಂತಿ ಕೋಣೆಯ ಜಂತಿಗೆ ಕೊಕ್ಕೆ ಸಿಕ್ಕಿಸಿದೆ.
ಮುಳ್ಳು ನಡುಗಿ, ಎರಡು ಕೇಜಿಯ ಆಚೆ ಒಂದಿಷ್ಟು ನಿಂತಿತು;
ಕೂಸು ಸೀನಿತು,
ಮತ್ತೆ ನಡುಗಿತು.
ಎದೆಗವಚಿಕೋ, ನಡುವೆ ಬಟ್ಟೆ ಬೇಡ,
ಮೈಗೆ ಮೈ ತಾಗಲಿ, ಅಂದೆ.

ಬಾಗಿಲಲ್ಲಿ ಕೂತಿದ್ದ ಅವಳಜ್ಜಿ ಗುತ್ಯಮ್ಮ
ಬೆಳ್ಳುಳ್ಳಿ ಬಿಡಿಸುವುದು ನಿಲ್ಲಿಸಿ ಕೇಳಿದಳು:
"ಆ ಬಟ್ಟೇದೆಷ್ಟು?"
ನೂರಿಪ್ಪತ್ತು ಗ್ರಾಂ. ಕಳೀಬೇಕಜ್ಜಿ.
"ಕಳ್ದಿದ್ದು ಬರ್ಕಳದಿಲ್ವ?"

ಒಟ್ಟು ಎಷ್ಟು ಸಲ ಬಸುರಾಗಿದ್ದಿರಿ?
ನಾನು ಕೇಳಿದ್ದು ಮೊಮ್ಮಗಳನ್ನು.
"ಒಂಬತ್ತು," ಅಂದಳು ಅಜ್ಜಿ. "ಉಳ್ದಿದ್ದು ನಾಕು.
ಒಂದು ಏಳರಾಗೆ ಹೋತು, ನಟ್ಟಿ ದಿನ, ಗದ್ದೆ ಅಂಚಿನ ಮೇಲೆ.
ಒಂದು ಹುಟ್ಟಿ ಅಳ್ಲೇ ಇಲ್ಲ.
ಒಂದು ಐದು ದಿನ ಇತ್ತು. ಚೆಂದಾಗಿ ಚೀಪ್ತಿತ್ತು,
ಆರನೇ ದಿನ ದವಡೆ ಕಟ್ಕಂತು.
ಇನ್ನೆರಡು ಅವಳಿ."
ಹಾಗಾದರೆ ಬಸುರು ಎಂಟು ಅಜ್ಜಿ, ಅವಳಿಗೆ ಒಂದೇ ಲೆಕ್ಕ.
"ಹೊತ್ತಿದ್ದು ನಾನೋ ನಿನ್ನ ಫಾರಮ್ಮೋ?"
ನಕ್ಕಳು. ಹೇಮಾಕ್ಷಿ ನಗಲಿಲ್ಲ.
ಅವಳಿಗೂ ಇದೆಲ್ಲ ಹೊಸದು.

ಹೊಸ ಪುಟ ತೆರೆದೆ. ವಯಸ್ಸು?
"ಎಪ್ಪತ್ತು ಇರ್ಬೌದು, ಬರ್ಕ."
ಟ್ಯಾಬು ಕೆಂಪಗಾಯಿತು: ಅರ್ಹರಲ್ಲ.
ನಲವತ್ತೊಂಬತ್ತು ದಾಟಿದವರಿಗೆ
ನಮ್ಮಲ್ಲಿ ಗರ್ಭವಿಲ್ಲ, ಇದ್ದದ್ದೂ ಇಲ್ಲ.
ಅಜ್ಜಿ ನನ್ನ ಬೆರಳನ್ನೇ ನೋಡುತ್ತಿದ್ದಳು.
ಹೇಮಾಕ್ಷಿಯ ಪುಟಕ್ಕೆ ಮರಳಿ, ಕಟ್ಟಕಡೆಯ ಟಿಪ್ಪಣಿಯ ಚೌಕದಲ್ಲಿ
ಒಂದೊಂದೇ ಬರೆದೆ,
ಅಂಚು, ಅಳು, ಐದು ದಿನ.

ಸಂಜೆ ಶಿವಮೊಗ್ಗದಿಂದ ನೂರ್ ಆಯಿಷಾ ಫೋನು,
ಅವಳ ಕೆಲಸ ನಮ್ಮ ತಪ್ಪು ಹುಡುಕುವುದು.
"ಮೇಡಂ, ಇನ್ನೂರು ಅಕ್ಷರಕ್ಕೆ ತುಂಡಾಗಿದೆ.
'ಐದು ದಿನ ಇತ್ತು, ಹೆಸರಿ' ಅಂತ ನಿಂತಿದೆ.
ಹೆಸರಿಟ್ಟಿರಲಿಲ್ಲ ಅಂತಲಾ?"
ಹೆಸರಿತ್ತು, ಅಂದೆ.
"ಐದು ದಿನಕ್ಕಾ? ತೊಟ್ಟಿಲಿಗೆ ಹಾಕೋ ಮೊದಲೇ?"
ಗಂಡನಿಗೂ ಹೇಳಿರಲಿಲ್ಲವಂತೆ.
ಆ ಕಡೆ ಕೀಲಿಮಣೆ ಸುಮ್ಮನಿತ್ತು.
ಆಮೇಲೆ ಅವಳು ಕೇಳಿದಳು, ಯಾವ ಚೌಕಕ್ಕೂ ಬೇಡವಾದದ್ದು:
"ಏನಂತ?"

ಹೇಳಿದೆ.

ಮಾರನೆಯ ಬೆಳಿಗ್ಗೆ ಇನ್ನೊಂದು ಊರು, ಇನ್ನೊಂದು ಜಂತಿ.
ಖಾಲಿ ಜೋಲಿ ಗಾಳಿಗೆ ಒಂದು ಸುತ್ತು ತಿರುಗಿತು.
ನೂರಿಪ್ಪತ್ತು.
ಕಳೆಯುವ ಮುಂಚೆ
ಇನ್ನೊಮ್ಮೆ ನೋಡಿದೆ.