ಒಂದು ಟ ಕಡಿಮೆ

ಗುರುವಾರ ಸಂಜೆ ನಾಲ್ಕೂವರೆಗೆ
ಸೊಹಾರಿನ ಬಂದರು ದಾರಿಯಿಂದ ಬಸ್ಸು ಬರುತ್ತದೆ.
ನೀಲಿ ಮೇಲಂಗಿ, ಕೊರಳಲ್ಲಿ ಒದ್ದೆ ಟವೆಲ್ಲು.
ಶೂ ಬಾಗಿಲ ಹೊರಗೇ ಬಿಡುತ್ತಾರೆ,
ಬಿಡಬೇಕಿಲ್ಲವೆಂದು ಎಷ್ಟು ಸಲ ಹೇಳಿದರೂ.

ನನ್ನ ಮೇಜಿನ ಮೇಲೆ ಮೂವತ್ತೊಂದು ಫಲಿತಾಂಶ ಪತ್ರ.
ದಪ್ಪ ಕಾಗದ, ಮೂಲೆಯಲ್ಲಿ ಬೆಳಕಿಗೆ ಬಣ್ಣ ಬದಲಿಸುವ ಬಿಲ್ಲೆ,
ಬದ್ರಿಯಾ ಊದಿ ಊದಿ ಒಣಗಿಸಿದ ಹಸಿರು ಮೊಹರು.
ಪೈಪಿಗೆ ಪೈಪು ಕೂಡಿಸುವ ಪರೀಕ್ಷೆ:
ನಲವತ್ತೈದು ಡಿಗ್ರಿ ಓರೆ, ಪೈಪು ಕದಲುವಂತಿಲ್ಲ,
ಮನುಷ್ಯನೇ ಸುತ್ತ ಹೊರಳಬೇಕು.
ಆಮೇಲೆ ಎಕ್ಸ್‌ರೇ. ಒಳಗೆ ಸಾಸಿವೆಯಷ್ಟು ಗಾಳಿಗುಳ್ಳೆ ಇದ್ದರೂ
ಫಿಲ್ಮು ಚಾಡಿ ಹೇಳುತ್ತದೆ.

ನಪಾಸು ಎಂದು ನಾವು ಬರೆಯುವುದಿಲ್ಲ.
'ಸಾಮರ್ಥ್ಯ ಇನ್ನೂ ಸಾಬೀತಾಗಿಲ್ಲ' ಎನ್ನುತ್ತೇವೆ.
ಘರ್ತಿ ಎಂಬ ನೇಪಾಳಿ ಹುಡುಗ ಆ ಸಾಲು ಓದಿಸಿಕೊಂಡು
'ಇನ್ನೂ' ಅಂದರೆ ಎಷ್ಟು ದಿನ ಎಂದ.
ಮರುಪರೀಕ್ಷೆಗೆ ಅರವತ್ತು ರಿಯಾಲ್ ಎಂದೆ.
ಅವನು ಕೇಳಿದ್ದು ಅದಲ್ಲವೆಂದು ನನಗೆ ಗೊತ್ತಿತ್ತು.

ಬದ್ರಿಯಾ ಮುಂದಿನ ಹೆಸರು ಕೂಗಿದಳು: ಗುದಾದೂರ್!
ಯಾರೂ ಏಳಲಿಲ್ಲ.
ಗುದಾದೂರ್!
ಗೋಡೆಗೊರಗಿ ಕೂತವನೊಬ್ಬ, ಎಲ್ಲರ ಜೊತೆ ತಾನೂ
ಯಾರವನು ಎಂದು ಹಿಂದಿರುಗಿ ನೋಡಿದ.
ಪಟ್ಟಿ ಎಳೆದುಕೊಂಡು ನಾನೇ ಕರೆದೆ,
ಗುಡದೂರು ಬೆಟ್ಟದಪ್ಪ.
ಮಾಸ್ತರ ಹಾಜರಿಗೆ ಎದ್ದಂತೆ ಎದ್ದ.

ಊರನ್ನು ಮುಂದೆ ಬಿಟ್ಟು ಹಿಂದೆ ನಡೆಯುವ ಹೆಸರು ನಮ್ಮವು.
ಫಾರಮ್ಮಿಗೆ ಅದೇನು ತಿಳಿಯಬೇಕು,
ಮೊದಲ ಖಾನೆಯಲ್ಲಿ ಕೂತದ್ದನ್ನೇ ಮನುಷ್ಯನೆಂದು ನಂಬುತ್ತದೆ.
ಮೂರು ತಿಂಗಳು ಇವನು ಇಲ್ಲಿ ಹದಿನೇಳನೇ ನಂಬರು.
ಈಗ ಕಾಗದದ ಪ್ರಕಾರ ಪಾಸಾದದ್ದು
ಒಂದು ಕೆರೆ, ಹಿಟ್ಟಿನ ಗಿರಣಿ, ಬಸ್ಸು ನಿಲ್ಲುವ ಬೇವಿನಮರ.

'ಅಕ್ಕಾರ, ಆಗೇನಲ್ರಿ ಪಾಸು?'
ಆಗಿದ್ದೀರಿ.
ನಕ್ಕ. ಆಮೇಲೆ ಪಾಸ್‌ಪೋರ್ಟು ತೆಗೆದು ಪಕ್ಕಕ್ಕಿಟ್ಟು
ಬೆರಳಿಂದ ಒಂದೊಂದೇ ಇಂಗ್ಲಿಷ್ ಅಕ್ಷರ ತೂಗಿದ.
ನಮ್ಮ ಪತ್ರದಲ್ಲಿ ಎರಡು ಟಿ. ಅದರಲ್ಲಿ ಒಂದೇ.

ತಪ್ಪು ನನ್ನದು.
ಹೆಸರು ತುಂಬುವಾಗ ಕನ್ನಡದ ಕಿವಿ ಕೈ ಹಿಡಿದು
ಬೆಟ್ಟಕ್ಕೆ ಅದರ ಒತ್ತು ಕೊಡಿಸಿತ್ತು.
ಹೊಸಪೇಟೆಯ ಯಾವನೋ ಏಜೆಂಟು ಎಂಟು ವರ್ಷದ ಹಿಂದೆ
ಅದನ್ನು ಕಿತ್ತಿದ್ದ; ಅಂದಿನಿಂದ ಇವನು ವಿಮಾನ ಹತ್ತಿದಲ್ಲೆಲ್ಲ
ಬೆಟದಪ್ಪ.
'ಹಂಗಽ ಇರ್ಲಿ ಬಿಡ್ರಿ,
ನಮ್ಮವ್ವ ಇಟ್ಟಿದ್ದು ಇದಽ.'

ಇರಲಿ ಎಂದರೆ ರಿಫೈನರಿಯ ಗೇಟಿನವನು ಬಿಟ್ಟಾನೆಯೇ?
ಅವನಿಗೆ ಬೆಟ್ಟ ಬೇಡ, ತಾಳೆಯಾಗಬೇಕು.
ಒಂದು ಟ ಹೆಚ್ಚಾದರೆ ಅದು ಬೇರೆ ಮನುಷ್ಯ,
ಆ ಮನುಷ್ಯನಿಗೆ ವೀಸಾ ಇಲ್ಲ.

ನಮ್ಮ ಲಿಪಿಯಲ್ಲಿ ಟಕ್ಕೆ ಟ ಕೂಡಿಸುವುದು
ಕೆಳಗಿನಿಂದ ಹಾಕುವ ಬೆಸುಗೆ.
ಇವನಿಗೆ ಹೇಳೋಣವೆನಿಸಿತು. ಹೇಳಲಿಲ್ಲ,
ಸಾಲು ಉದ್ದವಿತ್ತು.

ಹಳೆಯದರ ಮೇಲೆ ರದ್ದು ಎಂದು ಅಡ್ಡಗೆರೆ ಎಳೆದು
ಹೊಸದನ್ನು ಅಚ್ಚಿಗೆ ಕೊಟ್ಟೆ.
ತೆಗೆದುಕೊಂಡದ್ದಕ್ಕೆ ಹೆಬ್ಬೆಟ್ಟು ಕೇಳಿದರೆ
ಯಂತ್ರದ ಗಾಜು ಮೂರು ಸಲ ಒಲ್ಲೆನೆಂದಿತು.
ಕಿಡಿ ಬಿದ್ದು ಬಿದ್ದು ಅವನ ಬೆರಳಿನ ಗೆರೆಗಳು
ಗ್ರೈಂಡರ್ ಹಿಡಿದು ನಯಗೊಳಿಸಿದ ಹಾಗೆ ಮಾಯ.
ಸಹಿ ಮಾಡಿ ಎಂದೆ.
ಉಸಿರು ಬಿಗಿಹಿಡಿದು ಕನ್ನಡದಲ್ಲಿ ಬರೆದ, ಬೆಟ್ಟದಪ್ಪ.
ಬರೆದಾದ ಮೇಲೆ ಒತ್ತಿಗೆ ಮರಳಿ
ಎರಡನೇ ಸುತ್ತು ಎಳೆದ.

ಬಾಗಿಲು ಹಾಕುವಾಗ ಬದ್ರಿಯಾ ಕೇಳಿದಳು,
ಗುದಾದೂರ್ ಅವನ ಹೆಸರಲ್ಲವೆ?
ಅದು ಊರು ಎಂದೆ. ಅವನು ಬೆಟ್ಟ.
ಜಬಲ್? ಎಂದು ಕಿಟಕಿಯಾಚೆ
ದೂಳಿನಲ್ಲಿ ಅರ್ಧ ಮುಳುಗಿದ ಹಜರ್ ಸಾಲಿಗೆ ಕೈ ತೋರಿದಳು.
ಹೌದು, ಅಷ್ಟು ದೊಡ್ಡದಲ್ಲ.

ಮೆಟ್ಟಿಲ ಮೇಲೆ ಘರ್ತಿ,
ಕಾಗದವನ್ನು ಹಲ್ಲಿನಲ್ಲಿ ಕಚ್ಚಿಕೊಂಡು,
ಇನ್ನೂ ಶೂ ಕಟ್ಟಿಕೊಳ್ಳುತ್ತಿದ್ದ.