ಶೋಕೇಸಿನ್ಯಾಗ ನಿದ್ದಿ

ಕಾಚಿಗೆ ಒಳಗಿಂದ ಪೇಪರ್ ಹಚ್ಚಿದ್ವಿ,
ಮೂರು ಭಾಷಾದ ಹಳೀ ಪೇಪರ್, ಕೈಗೆ ಸಿಕ್ಕಿದ್ದು.
ಹೊರಗ ಸೊಲ್ಲಾಪುರದ ನವಿ ಪೇಠ,
ದೀಪಾವಳಿಗೆ ಇನ್ನ ನಾಕು ದಿನ.
ಪೇಪರ್ ಹರದಲ್ಲಿ ಒಂದು ಕಣ್ಣು ಬಂದು ಕೂಡ್ತಿತ್ತು,
ಗುಲಾಬ್ ಪೇಂಟರ್ ಬ್ರಶ್ ಎತ್ತಿ ಹೆದರಿಸಿದ್ರ ಹೋಗ್ತಿತ್ತು,
ಮತ್ತೊಂದು ಕಣ್ಣು ಬರ್ತಿತ್ತು.

ಯೆಮುಲ ಸೇಠಗ ಕಿಲ್ಲೆ ಬೇಕಾಗಿತ್ತು.
ಓಣಿ ಹುಡುಗೂರು ಹಬ್ಬಕ್ಕ ಮಣ್ಣಾಗ ಕಟ್ಟತಾವಲ್ಲ, ಅಂಥಾದ್ದು,
ಆದ್ರ ಮಣ್ಣು ಬ್ಯಾಡ. ಮಾಲು ಹೊಲಸಾಗ್ತದ.
ಅದಕ್ಕ ಚಾದರ ಮಡಚಿ ಮಡಚಿ ಬುರುಜು ಏರ್ಸಿದ್ವಿ,
ಕಂದು ಟಾವೆಲ್ ಸುತ್ತಿ ಮೆಟ್ಟಲಾ,
ಸಾಸಿವಿ ಮೊಳಕಿ ಬರೂ ಜಾಗಾದಾಗ ಹಸರು ನ್ಯಾಪ್‌ಕಿನ್.
ಕುಂಬಾರ ಮಾಡಿದ ಸಿಪಾಯಿ ಹನ್ನೆರಡು ಮಂದಿ,
ಒಬ್ಬನ ಕತ್ತಿ ಮುರದಿತ್ತು,
ಅಂವಗ ಸೂಜಿ ಹಿಡಸಿದೆ.

ಬೊಂಬಿ ಒಂದ. ಆಕಿಗೆ ಪೈಠಣಿ, ಕೈಯಾಗ ಆರತಿ ತಾಟು.
ಆಕಿ ಬಲಗೈ ಹ್ವಾದ ವರ್ಷ ಕಳದು ಹೋಗಿ
ಗಂಡು ಬೊಂಬಿದು ಹಾಕಿದ್ವಿ, ಬೆರಳು ದಪ್ಪ,
ತಾಟು ಹಿಡದ್ರ ಕುಸ್ತಿಗೆ ನಿಂತಂಗ ಕಾಣ್ತಾಳ.
ನನ್ನ ಹಸರ ಬಳಿ ಆ ಮುಂಗೈಗೆ ಏರಲಿಲ್ಲ.
ತಂತಿಲೆ ಕಟ್ಟಿದೆ.

ಹಗಲ ಫಾಲ್ ಪಿಕೋ, ರಾತ್ರಿ ಇದು, ಮೂರನೇ ದಿನ.
ಗುಲಾಬ್ ಕಾಕಾ ಎರಡಕ್ಕ ಹ್ವಾದ,
ಬೆಳಗಾಗೂದ್ರೊಳಗ ಬರ್ತೀನಿ ಅಂದು.
ಕಿಲ್ಲೆ ಬುಡಕ ಒಂದು ಚಾದರ ಉಳದಿತ್ತು, ಕೆಂಪು, ನವಿಲಿಂದು.
ಜರಾ ಬೆನ್ನು ಚೆಲ್ಲೂಣು ಅಂದೆ.
ಅಷ್ಟ ನೆನಪದ.

ಮುಂದಿಂದು ಮಂದಿ ಹೇಳಿದ್ದು.
ವಾಚ್‌ಮನ್ ಪೇಪರ್ ಕಿತ್ತಾನ, ಒಳಗ ನೋಡೇ ಇಲ್ಲ.
ಕಾಚಿನ ಹಿಂದ ಒಬ್ಬಾಕಿ, ಬಾಯಿ ಸ್ವಲ್ಪ ತೆರದು,
ಒಂದು ಪಾದ ಚಾದರದ ಹೊರಗ,
ಹನ್ನೆರಡು ಸಿಪಾಯಿ ಕಾವಲು.
ಹಾಲಿನ ಸೈಕಲ್ ನಿಂತದ. ರಿಕ್ಷಾ ನಿಂತದ.
ಕಿತಿ ಖರೀ, ಅಂದಾಳಂತ ಒಬ್ಬಾಕಿ.
ಬೊಮ್ಮ ಕಾದೇಮೋ, ಅಂದಾಳಂತ ಆಕಿ ಬಾಜೂದಾಕಿ.
ಹೂವಿನ ಬುಟ್ಟಿ ಹೊತ್ತ ಒಂದು ಮುದುಕಿ,
ಅಕ್ಕಲಕೋಟ ಕಡಿಯಾಕಿ ಇರಬೇಕು,
ಕಾಚು ಬಡಿಯೂ ಹುಡುಗನ ಕೈ ಹಿಡದು
ಎಬ್ಬಸಬ್ಯಾಡೋ, ದಣದು ಮಲಗ್ಯಾಳ, ಅಂದಾಳ.

ಮಧ್ಯಾಹ್ನದೊಳಗ ಕೆಂಪು ಚಾದರ ನಲವತ್ತೊಂದು ಹ್ವಾದ್ವು.
ಆಕಿ ಹೊಚಗೊಂಡದ್ದ ಬೇಕು, ನವಿಲಿಂದು.
ಸೇಠ ಬೈಯಲಿಲ್ಲ.
ತೆಲುಗಿನ್ಯಾಗ ನೋಟು ಎಣಿಸಿ ಮುಗಿಸಿ ಕನ್ನಡದಾಗ ಅಂದ:
ಸುಗಲಾ, ನಾಳೆನೂ ಮಲಕೊ. ತಾಸಿಗೆ ಅರವತ್ತು ರೂಪಾಯಿ.

ಮರುದಿನ ತಲಿ ಬಾಚಿದ್ರು, ಪೌಡರ್ ಹಚ್ಚಿದ್ರು,
ಜಾಲರಿ ದಿಂಬು ಕೊಟ್ರು, ಬಾಜೂಕ ಪಣತಿ.
ಪಾದ ಒಳಗ ಇಡು, ಅಂದ ಸೇಠನ ಮಗ,
ಹಿಮ್ಮಡ ಒಡದಾವ.

ಕಣ್ಣು ಮುಚ್ಚಿದೆ.
ಅಂಗೈಯಾಗ ಬೆವರು, ಮೂಗಿನ ತುದಿಗೆ ತುರಿಕಿ,
ಹೊಸಾ ಚಾದರದ ಗಂಜಿ ವಾಸನಿ ಗಂಟಲದಾಗ.
ಎಷ್ಟು ರಾತ್ರಿದು ನಿದ್ದಿ ಬಾಕಿ ಅದ ನನಗ,
ಒಂದೂ ಬರಲಿಲ್ಲ.
ಕಾಚಿನ ಆಚಿ ನೆರಳು ಬರೂದು, ನಿಲ್ಲೂದು,
ರೆಪ್ಪಿ ಮ್ಯಾಲ ಕತ್ತಲಿ ಹಗರ ಹಾಯೂದು.
ಆಮ್ಯಾಗ ಒಂದು ಸಣ್ಣ ದನಿ, ಕಾಚಿಗೆ ಬಾಯಿ ಹಚ್ಚಿ:
ಸುಳ್ಳ ಮಲಗ್ಯಾಳ!
ನಿನ್ನಿ ಹುಡುಗ.

ಏಳು ಹ್ವಾದ್ವು ಆ ದಿನ.
ನಿನ್ನಿ ಹಂಗ ಯಾಕ ಬರಲಿಲ್ಲ? ಸೇಠ ಕೇಳಿದ.
ನಿನ್ನಿದು ಪುಕ್ಕಟಿ ಇತ್ರಿ, ಅಂದೆ.
ಅಂವ ನಕ್ಕ. ರೊಕ್ಕ ಕೊಡೂ ಮುಂದ ಎರಡು ತಾಸು ಮುರಕೊಂಡ.

ಶಟರ್ ಅರ್ಧ ಇಳದಿತ್ತು.
ಒಳಗ ಬಗ್ಗಿ ಹೋಗಿ ತಂತಿ ಬಿಚ್ಚಿ ನನ್ನ ಬಳಿ ತಗೊಂಡೆ.
ಆಕಿ ಗಂಡು ಕೈ ಹಂಗ ಮ್ಯಾಲ, ತಾಟು ಹಂಗ.
ಕಣ್ಣು ತೆರದು ಮಲಗೂದು
ಆಕಿಗೆ ಬರ್ತದ.