ಐದನ್ನು ಸೊನ್ನೆಯಂತೆ ಬರೆಯುವ ಊರು

ಕುವೈತಿನ ವಿಮಾನ ನಿಲ್ದಾಣದಲ್ಲಿ ಚೀಲ ಬಿಚ್ಚಿಸಿ
ಇದೇನು ಎಂದ ಅಧಿಕಾರಿ.
ನಾಲ್ಕು ಕಿಲೋ ಕಬ್ಬಿಣದ ಗುಂಡು, ಎದೆಮಟ್ಟದ ತಂತಿ,
ತುದಿಗೆ ಮುಕ್ಕೋನದ ಹಿಡಿಕೆ.
ಹೇಳಲು ಇಂಗ್ಲಿಷು ಸಾಲಲಿಲ್ಲ.
ಬರಿಗೈ ಜೋಡಿಸಿ ನಿಂತಲ್ಲೇ ಒಂದು ಸುತ್ತು ತಿರುಗಿ ತೋರಿಸಿದೆ;
ಹಿಂದಿದ್ದ ಸಾಲು ಎರಡು ಹೆಜ್ಜೆ ಸರಿಯಿತು.
ಓ, ಮಿತ್ರಕಾ! ಎಂದು ನಕ್ಕ. ಅವನ ಮಾತಿನಲ್ಲಿ ಸುತ್ತಿಗೆ.
ನನಗೆ ಮಿತ್ರ ಎಂದಷ್ಟೇ ಕೇಳಿಸಿತು.

ಇಳಕಲ್ಲಿನ ಕ್ವಾರಿಯಲ್ಲಿ ಸೈಜುಗಲ್ಲು ಒಡೆಯುವ ಚಿಕ್ಕವ್ವ ದ್ಯಾಮಕ್ಕ
ಇದನ್ನು ಮೊದಲ ಸಲ ಕಂಡಾಗ ಕೇಳಿದ್ದಳು:
"ಸುತ್ತಿಗಿ ಅಂತಿ, ಇದಕ್ಕ ಕಾವ ಎಲ್ಲೈತಿ?"
ಆಮೇಲೆ ತಾನೇ ಬಿಡಿಸಿದಳು:
"ಸುತ್ತಿ ಸುತ್ತಿ ಒಗೀತೀರಲ್ಲ, ಅದಕ್ಕ ಸುತ್ತಿಗಿ, ಬಿಡು."
ರಾಷ್ಟ್ರೀಯ ಕೂಟದ ಎರಡು ಬೆಳ್ಳಿ, ರೈಲ್ವೆಯ ಗುಮಾಸ್ತಿಕೆ,
ಕೋಚ್ ಪಳಂಗಪ್ಪನವರ ಹನ್ನೊಂದು ವರ್ಷದ ಬೈಗುಳ
ಯಾವುದೂ ನನಗೆ ಇಷ್ಟು ನೇರ ತಿಳಿಸಿರಲಿಲ್ಲ.

ಮಧ್ಯಾಹ್ನ ಅಭ್ಯಾಸದ ಬಯಲಲ್ಲಿ ಮರೆತು ಬಿಟ್ಟ ಗುಂಡು
ಹೆಂಚಿನಂತೆ ಕಾದಿತ್ತು.
ಒದ್ದೆ ಟವೆಲಿನಲ್ಲಿ ಸುತ್ತಿ, ಹಸುಗೂಸಿನ ಹಾಗೆ
ನೆರಳಿಗೆ ಎತ್ತಿ ತಂದೆ.
ಕಾವು ಇಲ್ಲೈತಿ ಚಿಕ್ಕವ್ವಾ,
ಸಮುದ್ರದಾಚೆ ಇಟ್ಟಿದ್ದರು.

ಕೂಟ ರಾತ್ರಿ ಒಂಬತ್ತಕ್ಕೆ.
ಆಗಲೂ ಗಾಳಿ ಒಲೆಬಾಯಿಯದೇ;
ದೀಪಗಳ ಸುತ್ತ ಮುತ್ತಿದ್ದು ಹುಳುವಲ್ಲ, ಧೂಳು.
ಬಲೆಯ ಪಂಜರ, ಒಳಗೆ ಏಳಡಿ ಸಿಮೆಂಟಿನ ವೃತ್ತ.
ಮೊದಲ ಎಸೆತ ಬಲೆಗೆ.
ಎರಡನೆಯದಕ್ಕೆ ಹಿಮ್ಮಡಿ ಅಂಚು ದಾಟಿತು, ಕೆಂಪು ಬಾವುಟ.
ಒಂದೇ ಉಳಿಯಿತು, ಎಂಟರೊಳಗೆ ಬರಲು.

ಬಿಡುವಾಗ ಎಲ್ಲರೂ ಕೂಗುತ್ತಾರೆ.
ಉಜ್ಬೇಕಿನವಳು ಗಂಡನನ್ನು ಬೈದ ಹಾಗೆ,
ಹನೂಫ್, ಈ ಊರಿನವಳು, ತೋಳು ತುಂಬ ಮುಚ್ಚಿದ ಹುಡುಗಿ,
ತುಟಿ ಕಚ್ಚಿ, ಮೂಗಿನಲ್ಲಿ.

"ಕಲ್ಲ ಒಡಿಯೂದು ಕೈಯಾಗಿಲ್ಲ ಮಗಳ, ಕಿವಿಯಾಗೈತಿ."
ಕಣ್ಣು ಗುಂಡಿನ ಮೇಲೆ, ಕಿವಿ ತಂತಿಯ ಮೇಲೆ.
ಒಂದು ಸುತ್ತಿಗೆ ಗ್ಯಾಲರಿ ಓಡಿತು,
ಎರಡಕ್ಕೆ ದೀಪಗಳೆಲ್ಲ ಒಂದೇ ಬಳೆಯಾದವು,
ಆಮೇಲೆ ಎಣಿಸಲಿಲ್ಲ.
ನಾನು ಹಿಡಿದಿದ್ದೇನೋ, ಅದು ನನ್ನನ್ನು ಹಿಡಿದಿದೆಯೋ,
ತಂತಿ ಹುಂ ಎಂದಿತು,
ಬಿಟ್ಟೆ.
"ಹೋಗ!" ಎಂದೆನಂತೆ, ಗಟ್ಟಿಯಾಗಿ,
ಮನೆ ಹೊಕ್ಕ ಪಕ್ಕದವರ ಆಡನ್ನು ಅಟ್ಟುವ ಹಾಗೆ.

ಇತರರ ದೂರ ನೋಡಕೂಡದು ಎಂಬುದು ಪಳಂಗಪ್ಪನವರ ಅಪ್ಪಣೆ.
ಅಲ್ಲಿಯವರೆಗೆ ಫಲಕದತ್ತ ತಲೆ ಎತ್ತಿರಲಿಲ್ಲ.
ಈಗ ಎತ್ತಿದೆ:
ಎರಡು ಸೊನ್ನೆ, ಒಂದು ಅಲ್ಪವಿರಾಮ,
ಒಂದು ಚುಕ್ಕೆ, ಮತ್ತೆ ಸೊನ್ನೆ.
ಬಿಳಿ ಬಾವುಟ ಎದ್ದದ್ದು ಕಂಡಿದ್ದೆನಲ್ಲ?
ಕೇಳಲು ಮಾತಿಲ್ಲ. ಕೈಗವಸು ಕಿತ್ತು
ಚೀಲದ ಜಿಪ್ಪು ಎಳೆಯುತ್ತಿದ್ದೆ.

ಹನೂಫ್ ಬಂದು ಮಣಿಕಟ್ಟು ಹಿಡಿದಳು.
ನನ್ನ ಅಂಗೈ ಬಿಡಿಸಿ, ಸುಣ್ಣದಂಥ ಪುಡಿ ಮೆತ್ತಿದ ಬೆರಳು
ಒಂದೊಂದೇ ಮುಟ್ಟಿದಳು: ಖಂಸಾ.
ಮತ್ತೊಮ್ಮೆ ಐದೂ: ಖಂಸಾ.
ಐವತ್ತೈದು ಮೀಟರು, ಐದು ಸೆಂಟಿಮೀಟರು.
ಈ ಊರಲ್ಲಿ ಐದನ್ನು ಸೊನ್ನೆಯಂತೆ ಬರೆಯುತ್ತಾರೆ,
ಸೊನ್ನೆಯನ್ನು ಹಣೆಯ ಬೊಟ್ಟಿನಷ್ಟೇ.

ನಾನು ಎಂಟನೆಯವಳು.
ಅವಳ ಐವತ್ನಾಲ್ಕು ತೊಂಬತ್ತೆಂಟು
ಒಂಬತ್ತಕ್ಕೆ ಇಳಿದದ್ದು ಆಮೇಲೆ ಗೊತ್ತಾಯಿತು,
ಅವಳು ಬೂಟಿನ ಲಾಡಿ ಬಿಚ್ಚುತ್ತ ಕೂತಾಗ.
ಬೆರಳು ಎಣಿಸುವಾಗ ಅವಳಿಗೆ ಗೊತ್ತಿತ್ತು.

ಉಳಿದ ಮೂರು ಎಸೆತಗಳ ಬಗ್ಗೆ ಹೇಳುವಂಥದ್ದೇನಿಲ್ಲ.
ಗುಂಡು ಬಿದ್ದ ಜಾಗ ನೋಡಲು ಹೋದೆ:
ಅಂಗೈಯಗಲ ಹುಲ್ಲು ಕಿತ್ತು, ಕೆಳಗೆ ಬರೀ ಮರಳು.
ಮೈದಾನದ ಆಳು ಮಗ್ಗಿನಿಂದ ನೀರು ಹಾಕಿ
ಕಾಲಲ್ಲಿ ಒತ್ತಿ ಮುಂದೆ ಹೋದ.

ರಾತ್ರಿ ಫೋನಿನಲ್ಲಿ ಚಿಕ್ಕವ್ವ: "ಎಷ್ಟ ದೂರ ಹೋತು?"
ಮೀಟರು ಹೇಳಿದೆ.
"ಅದೆಲ್ಲ ತಿಳಿಯಂಗಿಲ್ಲ. ನಮ್ಮ ಕಟ್ಟಿ ಮ್ಯಾಲ ನಿಂತು ಒಗದ್ರ
ಎಲ್ಲಿ ಬೀಳತೈತಿ?"
ಕಣ್ಣು ಮುಚ್ಚಿ ಅಳೆದೆ. ಗುರುಸಿದ್ದಪ್ಪನ ಹಿತ್ತಲು, ಎಂದೆ,
ಹುಣಸೆಮರ ದಾಟಿ.
"ಅಲ್ಲಿ ಕೋಳಿ ಅದಾವು," ಎಂದಳು ಚಿಕ್ಕವ್ವ,
"ನೋಡಿ ಒಗೀ."